‘/ಡೆವ್’ ಡೈರೆಕ್ಟರಿಯ ಒಡೆತನ: ಲಿನಕ್ಸ್ ಬೂಟ್ ಚರಿತ್ರೆಯ ಒಂದು ಮರುವಿಚಾರ

ಲಿನಕ್ಸ್ ಶುರುವಾದಾಗ ಮೊದಲು ಕಣ್ಣುಬಿಡುವುದು ಅದರ ತಿರುಳಾದ ಕರ್ನಲ್. ಡಿಸ್ಕು, ಕೀಬೋರ್ಡು, ಪರದೆಗಳನ್ನು ಗುರುತಿಸಿ ಅದು ‘ಇನಿಟ್’ ಎಂಬ ಮೊದಲ ಪ್ರೋಗ್ರಾಮನ್ನು ಎಬ್ಬಿಸಬೇಕು. ಇನಿಟ್‌ಗೆ ಮಾತಾಡಲು ‘/ಡೆವ್/ಕನ್ಸೋಲ್’ ಎಂಬ ಕಡತ ಬೇಕು. ಅದನ್ನು ಸೃಷ್ಟಿಸಬಲ್ಲ ಪ್ರೋಗ್ರಾಮುಗಳೆಲ್ಲ ಓಡುವುದು ಇನಿಟ್ ಎದ್ದ ಮೇಲೆ. ಈ ಗಂಟನ್ನು ಬಿಡಿಸುವ ಹೊಣೆ ಯಾರದು ಎಂಬ ಪ್ರಶ್ನೆಗೆ ಲಿನಕ್ಸ್ ಕಾಲಕಾಲಕ್ಕೆ ಬೇರೆಬೇರೆ ಉತ್ತರ ಕೊಟ್ಟಿದೆ.

ಸಾಧನಗಳನ್ನೂ ಕಡತಗಳಂತೆಯೇ ಕಾಣುವ ಪದ್ಧತಿ ಬೆಲ್ ಲ್ಯಾಬ್ಸ್‌ನ ಯುನಿಕ್ಸ್‌ನದು. ಓದುವ, ಬರೆಯುವ ವಿಧಾನ ಒಂದೇ ಆಗುತ್ತದೆ, ಹೆಸರಿನ ರೀತಿ ಒಂದೇ ಆಗುತ್ತದೆ, ಅನುಮತಿಯ ಕಾವಲೂ ಒಂದೇ ಆಗುತ್ತದೆ ಎಂದು ಅದರ ನಿರ್ಮಾತೃಗಳಾದ ರಿಚಿ ಮತ್ತು ಥಾಂಪ್ಸನ್ 1974ರ ಪ್ರಬಂಧದಲ್ಲಿ ಇದರ ಲಾಭವನ್ನು ವಿವರಿಸಿದರು. ಆದರೆ ಕರ್ನಲ್‌ಗೆ ಈ ಹೆಸರುಗಳು ಬೇಕಿಲ್ಲ. ಅದು ನೋಡುವುದು ಮೇಜರ್, ಮೈನರ್ ಎಂಬ ಎರಡು ಸಂಖ್ಯೆಗಳನ್ನು. ಕನ್ಸೋಲ್ ಎಂದರೆ ಅದಕ್ಕೆ 5 ಮತ್ತು 1.

ಲಿನಕ್ಸ್ 2.4ರವರೆಗೂ ಈ ಸಂಖ್ಯೆಗಳಿಗೆ ತಲಾ 8 ಬಿಟ್ ಜಾಗ, ಅಂದರೆ 256 ಬೆಲೆಗಳು. ಸ್ಕಜಿ ಡಿಸ್ಕೊಂದಕ್ಕೆ 16 ಮೈನರ್ ಮೀಸಲಾಗಿದ್ದುದರಿಂದ ಒಂದು ಮೇಜರ್‌ನಲ್ಲಿ 16 ಡಿಸ್ಕುಗಳಷ್ಟೇ ಹಿಡಿಸುತ್ತಿದ್ದವು. ‘ಮೇಕ್‌ಡೆವ್’ ಸ್ಕ್ರಿಪ್ಟು ಯಂತ್ರದಲ್ಲಿ ಇಲ್ಲದ ಸಾಧನಗಳಿಗೂ ಮುಂಚೆಯೇ ಕಡತ ಮಾಡಿಡುತ್ತಿತ್ತು. ಡೈರೆಕ್ಟರಿ ತುಂಬ ಹೆಸರುಗಳು. ಯಾವುದರ ಹಿಂದೆ ನಿಜವಾದ ಸಾಧನವಿದೆ ಎಂದು ತೆರೆದು ನೋಡದೆ ತಿಳಿಯುತ್ತಿರಲಿಲ್ಲ.

ರಿಚರ್ಡ್ ಗೂಚ್ ಬರೆದ ‘ಡೆವ್‌ಎಫ್‌ಎಸ್’ ಇದಕ್ಕೆ ನೇರವಾದ ಉತ್ತರ. 2000ದಲ್ಲಿ 2.3 ಸರಣಿಯ ಕರ್ನಲ್ ಸೇರಿ, 2.4ರೊಂದಿಗೆ ಅದು ಜನರ ಕೈಗೆ ಬಂತು. ಡ್ರೈವರ್ ತನ್ನ ಸಾಧನವನ್ನು ಕಂಡೊಡನೆ ತಾನೇ ಹೆಸರು ನೋಂದಾಯಿಸುತ್ತಿತ್ತು. ಇದ್ದದ್ದು ಮಾತ್ರ ‘/ಡೆವ್’ನಲ್ಲಿ ಕಾಣುತ್ತಿತ್ತು. ತೊಡಕು ಶುರುವಾದದ್ದು ಹೆಸರಿನಲ್ಲಿ. ಹೋಸ್ಟ್, ಬಸ್, ಟಾರ್ಗೆಟ್, ಲನ್ ಎಂದು ಮೆಟ್ಟಿಲಿಳಿದ ಮೇಲೆ ಕೊನೆಗೆ ಸಿಗುತ್ತಿದ್ದುದು ‘ಡಿಸ್ಕ್’, ಅದೂ ಬ್ರಿಟಿಷ್ ಕಾಗುಣಿತದಲ್ಲಿ. (ಕನ್ನಡ ಲಿಪಿಯಲ್ಲಿ ಬರೆದಿದ್ದರೆ ಆ ತಕರಾರಾದರೂ ಇರುತ್ತಿರಲಿಲ್ಲ.) ಹೆಸರು ಕರ್ನಲ್‌ನೊಳಗೇ ಕೂತಿದ್ದರಿಂದ ಬೇಡ ಎಂದವರು ‘ಡೆವ್‌ಎಫ್‌ಎಸ್‌ಡಿ’ ಎಂಬ ಇನ್ನೊಂದು ಪ್ರೋಗ್ರಾಮಿನ ಮೊರೆಹೋಗಬೇಕಿತ್ತು. ಇದರ ಜೊತೆಗೆ ಒಂದೇ ಗಳಿಗೆಯಲ್ಲಿ ಎರಡು ಕೆಲಸಗಳು ಒಂದನ್ನೊಂದು ತುಳಿಯುವ ದೋಷಗಳಿದ್ದವು. ಕಾಲಕ್ರಮದಲ್ಲಿ ಅದನ್ನು ನೋಡಿಕೊಳ್ಳುವವರೂ ಇಲ್ಲವಾದರು.

2003ರಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಒಟ್ಟಾವಾದ ಲಿನಕ್ಸ್ ಸಮ್ಮೇಳನದಲ್ಲಿ ‘ಯುಡೆವ್’ ಮಂಡಿಸಿದರು. ಕರ್ನಲ್ ಸಾಧನದ ವಿವರವನ್ನು ‘ಸಿಸ್‌ಎಫ್‌ಎಸ್’ ಎಂಬ ಕಡತವ್ಯವಸ್ಥೆಯಲ್ಲಿ ತೆರೆದಿಟ್ಟರೆ ಸಾಕು, ಹೆಸರಿಡುವುದು ಹೊರಗಿನ ಪ್ರೋಗ್ರಾಮಿನ ಕೆಲಸ ಎಂಬುದು ಅವರ ವಾದ. 2006ರ 2.6.18ರಲ್ಲಿ ಡೆವ್‌ಎಫ್‌ಎಸ್ ಪೂರ್ತಿ ಹೊರಬಿತ್ತು.

ಇದನ್ನು ಕರ್ನಲ್‌ನ ಮೇಲೆ ಹೊರಗಿನವರ ಗೆಲುವೆಂದು ಹೇಳುವುದು ವಾಡಿಕೆ. ಬೂಟ್‌ನ ಮೊದಲ ಕ್ಷಣಗಳನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಯುಡೆವ್ ಏಳುವ ಹೊತ್ತಿಗೆ ಕರ್ನಲ್ ಬಹುಪಾಲು ಸಾಧನಗಳನ್ನು ಆಗಲೇ ಕಂಡು, ಸುದ್ದಿ ಹೊರಡಿಸಿಯಾಗಿರುತ್ತಿತ್ತು, ಕೇಳುವವರಿರಲಿಲ್ಲ. ಹಾಗಾಗಿ ಸಿಸ್‌ಎಫ್‌ಎಸ್‌ ತಡಕಿ ಪ್ರತಿ ಸಾಧನದ ಸುದ್ದಿಯನ್ನೂ ಮತ್ತೊಮ್ಮೆ ಹೊರಡಿಸಬೇಕಾಗುತ್ತಿತ್ತು. ಅಷ್ಟರವರೆಗೆ ಕನ್ಸೋಲ್, ನಲ್ ಕಡತಗಳನ್ನು ಹಳೆಯ ಪದ್ಧತಿಯಂತೆ ಕೈಯಾರೆ ಮಾಡಿಟ್ಟಿರಬೇಕಿತ್ತು. ಯುನಿಕ್ಸ್ ಬಳಗದ ಇನ್ನೊಂದು ವ್ಯವಸ್ಥೆ ಫ್ರೀಬಿಎಸ್‌ಡಿಯ ಕಥೆ ಬೇರೆ: 2003ರ 5.0 ಆವೃತ್ತಿಯಿಂದ ಅಲ್ಲಿ ಕರ್ನಲ್ಲೇ ‘/ಡೆವ್’ ನಡೆಸುತ್ತಿದೆ. ಲಿನಕ್ಸ್‌ನಲ್ಲಿ ಸೋತದ್ದು ಡೆವ್‌ಎಫ್‌ಎಸ್‌ನ ಕಟ್ಟಡವೇ ಹೊರತು ಅದರ ಅಡಿಪಾಯವಲ್ಲ ಎಂದು ನಾನು ಹೇಳುವುದು ಈ ಎರಡನ್ನೂ ನೋಡಿಯೇ.

ಆ ಅಡಿಪಾಯ 2009ರ 2.6.32ರಲ್ಲಿ ‘ಡೆವ್‌ಟಿಎಂಪಿಎಫ್‌ಎಸ್’ ಆಗಿ ಮರಳಿತು. ಕೇ ಸೀವರ್ಸ್ ಮತ್ತಿತರರ ಈ ಕೆಲಸಕ್ಕೆ, ಡೆವ್‌ಎಫ್‌ಎಸ್ಸನ್ನು ಕಿತ್ತು ಹಾಕಿದ್ದ ಕ್ರೋವಾ-ಹಾರ್ಟ್‌ಮನ್ ಅವರೇ ಬಾಗಿಲು ತೆರೆದರು. ಸಾಧನ ನೋಂದಣಿಯಾದ ಕೂಡಲೇ ಕರ್ನಲ್ ನೆನಪಿನಲ್ಲೇ ಕಡತ ಮಾಡುತ್ತದೆ, ಸಾಮಾನ್ಯವಾಗಿ ರೂಟ್ ಹೆಸರಿನಲ್ಲಿ, 0600 ಅನುಮತಿಯೊಂದಿಗೆ. ಅನುಮತಿ ಸಡಿಲಿಸುವುದು, ಅಡ್ಡಹೆಸರಿನ ಕೊಂಡಿ ಹಾಕುವುದು ಯುಡೆವ್ ಪಾಲಿಗೆ ಉಳಿಯಿತು. 2012ರಲ್ಲಿ ಯುಡೆವ್ ತಾನೇ ಕಡತ ಸೃಷ್ಟಿಸುವುದನ್ನು ಬಿಟ್ಟುಬಿಟ್ಟಿತು.

ಆದರೂ ಕರ್ನಲ್‌ನ ಮೂಲದಲ್ಲಿ ಒಂದು ಪುಟ್ಟ ಪಟ್ಟಿಯಿದೆ. ಬೂಟ್‌ನ ಮೊದಲಿಗೆ ನೆನಪಿನಲ್ಲಿ ಬಿಚ್ಚಿಕೊಳ್ಳುವ ಕಡತಗಳ ಗಂಟನ್ನು, ಅಂದರೆ ಇನಿಟ್‌ರಾಮ್‌ಎಫ್‌ಎಸ್ಸನ್ನು, ಬೇರೆಯಾಗಿ ಕೊಡದೆ ಕಟ್ಟಿದರೆ ಕರ್ನಲ್ ತನ್ನೊಳಗೆ ಸೇರಿಸಿಕೊಳ್ಳುವುದು ಮೂರೇ ವಸ್ತು: ‘/ಡೆವ್’, ‘/ರೂಟ್’ ಎಂಬ ಎರಡು ಡೈರೆಕ್ಟರಿ, ನಡುವೆ ಕೈಯಿಂದ ಸಂಖ್ಯೆ ಬರೆದಿಟ್ಟ ಒಂದು ಕನ್ಸೋಲ್, 5 ಮತ್ತು 1.