ನಗೆಯಿಲ್ಲದವರೆಂಬ ಅಪವಾದ

ನಗೆ ಮನುಷ್ಯನಿಗೆ ಒಲಿದ ಸೊತ್ತು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹಾಗಿರುವಲ್ಲಿ ಒಬ್ಬನನ್ನು ಕುರಿತು ‘ಇವನಿಗೆ ಹಾಸ್ಯವೇ ತಿಳಿಯದು’ ಎಂದು ತೀರ್ಪು ಕೊಡುವುದೆಂದರೆ ಅವನ ಮನುಷ್ಯತ್ವದಲ್ಲಿಯೇ ಒಂದು ಪಾಲನ್ನು ಕಿತ್ತುಕೊಂಡಂತೆ. ಇಂಥ ತೀರ್ಪನ್ನು ಎಂಬತ್ತು ವರ್ಷಗಳಿಂದ ತಲೆಯ ಮೇಲೆ ಹೊತ್ತು ಬಂದ ಜನರುಂಟು. ಇಂಗ್ಲಿಷಿನಲ್ಲಿ ಆಟಿಸಂ ಎಂದೂ ಕನ್ನಡದಲ್ಲಿ ಸ್ವಲೀನತೆ ಎಂದೂ ಹೆಸರಾದ ಸ್ವಭಾವವುಳ್ಳವರು ಅವರು. ಈ ಅಪವಾದ ಎಲ್ಲಿ ಹುಟ್ಟಿತು, ಹೇಗೆ ಹಬ್ಬಿತು, ಈಗ ಎಷ್ಟರಮಟ್ಟಿಗೆ ಕರಗಿದೆ ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಹೆಸರನ್ನು ನೋಡೋಣ. ‘ಆಟಿಸಂ’ ಎಂಬುದು ಸ್ವಿಟ್ಜರ್ಲೆಂಡಿನ ವೈದ್ಯ ಬ್ಲಾಯ್ಲರ್ ಬಳಕೆಗೆ ತಂದ ಮಾತು. ‘ಆಟೋಸ್’ ಎಂದರೆ ಗ್ರೀಕ್ ಭಾಷೆಯಲ್ಲಿ ‘ತಾನು’. ಬೇರೊಂದು ಮನೋರೋಗದ ವಿವರಣೆಯಲ್ಲಿ ಅವರು ಬಳಸಿದ ಈ ಪದ ಮುಂದೆ ಮಕ್ಕಳ ವಿಷಯಕ್ಕೆ ಸಂದಿತು. ಇಲ್ಲಿ ನಮ್ಮ ಭರತಮುನಿಯ ನೆನಪಾಗುತ್ತದೆ. ನಾಟ್ಯಶಾಸ್ತ್ರವು ಹಾಸ್ಯರಸವನ್ನು ಎರಡು ಬಗೆ ಮಾಡುತ್ತದೆ: ತಾನೇ ನಕ್ಕರೆ ಆತ್ಮಸ್ಥ, ಇತರರನ್ನು ನಗಿಸಿದರೆ ಪರಸ್ಥ. ಸ್ವಲೀನರಿಗೆ ಹಾಸ್ಯವಿಲ್ಲ ಎಂದವರು ಪರಸ್ಥವನ್ನು ಹುಡುಕಿ, ಅದು ತಾವು ಎಣಿಸಿದ ರೂಪದಲ್ಲಿ ಸಿಕ್ಕದಿದ್ದಾಗ, ಆತ್ಮಸ್ಥವೂ ಇಲ್ಲವೆಂದು ಬರೆದುಬಿಟ್ಟರೆಂದು ತೋರುತ್ತದೆ.

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಜಾನ್ ಎಂಬ ಹುಡುಗನೊಬ್ಬ. ಮನೆಯ ಗೋಡೆಯ ಮೇಲಿರುವ ಚಿತ್ರಗಳ ವಿಷಯವಾಗಿ ತಂದೆ ಏನೋ ಹೇಳಿದಾಗ ಅವನು ಕಳವಳಗೊಂಡು, ಚಿತ್ರಗಳಿರುವುದು ಗೋಡೆಯ ಹತ್ತಿರ ಎಂದು ತಿದ್ದಿದನಂತೆ. ‘ಮೇಲೆ’ ಎಂದರೆ ಅವನಿಗೆ ನೆತ್ತಿಯ ಮೇಲೆಯೇ ಆಗಬೇಕು. ಮಾತನ್ನು ಅಕ್ಷರಾರ್ಥದಲ್ಲಿ ಹಿಡಿಯುವ ಈ ಪರಿಯನ್ನು ಕ್ಯಾನರ್ ದೋಷದ ಪಟ್ಟಿಗೆ ಸೇರಿಸಿದರು.

ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇದು ಅಷ್ಟು ಹೊಸದಾಗಿ ಕಾಣದು. ಗಂಗೆಯ ಮೇಲೆ ಗೊಲ್ಲರಹಟ್ಟಿ ಇದೆ ಎಂದರೆ ಏನರ್ಥ? ಹರಿಯುವ ನೀರಿನ ಮೇಲೆ ಹಟ್ಟಿ ನಿಲ್ಲಲಾರದು. ಆದಕಾರಣ ‘ಗಂಗೆಯ ದಡದಲ್ಲಿ’ ಎಂದು ಅರ್ಥಮಾಡಬೇಕು. ಲಕ್ಷಣಾವೃತ್ತಿಯನ್ನು ವಿವರಿಸಲು ಆಲಂಕಾರಿಕರು ನೂರಾರು ವರ್ಷ ಬಳಸಿದ ಉದಾಹರಣೆ ಇದು. ವಾಚ್ಯಾರ್ಥ ಎಲ್ಲಿ ಮುಗ್ಗರಿಸುತ್ತದೆ ಎಂದು ಮೊದಲು ಕಾಣದವನಿಗೆ ಲಕ್ಷ್ಯಾರ್ಥದ ಚರ್ಚೆಯೇ ಏಳುವುದಿಲ್ಲ. ನಾವು ನೀವು ದಿನವೂ ಎಡವದೆ ದಾಟುವ ಆ ಕಲ್ಲು ಜಾನನ ಕಣ್ಣಿಗೆ ಬಿತ್ತು. ಅವನು ಅಂದು ತಮಾಷೆ ಮಾಡಲಿಲ್ಲ, ನಿಜ. ಆದರೆ ಶ್ಲೇಷೆಯೂ ಹುಟ್ಟುವುದು ಇದೇ ಕಲ್ಲಿನ ಬಳಿಯಲ್ಲಿ. ‘ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ’ ಎಂಬ ಮಾತನ್ನು ಕೇಳಿ ‘ಉಪ್ಪು ಖಾರ ಬೇಡವೆ?’ ಎಂದು ಕೇಳುವವನು ಅರ್ಥ ತಿಳಿಯದ ಮಗುವೂ ಆಗಿರಬಹುದು, ಎರಡರ್ಥವನ್ನೂ ಬಲ್ಲ ಚತುರನೂ ಆಗಿರಬಹುದು.

ಮರುವರ್ಷವೇ, 1944ರಲ್ಲಿ, ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಇಂಥದೇ ಮಕ್ಕಳನ್ನು ಕುರಿತು ಬರೆದರು. ಹಾಸ್ಯದ ಅಭಾವ ಈ ಮಕ್ಕಳ ಒಂದು ಲಕ್ಷಣ, ತಮ್ಮನ್ನು ಕುರಿತು ಮಾಡಿದ ಹಾಸ್ಯವಂತೂ ಅವರಿಗೆ ತಿಳಿಯದು ಎಂಬುದು ಅವರ ಒಂದು ಮಾತು. ಅದೇ ಬರಹದಲ್ಲಿ ಇನ್ನೊಂದು ಮಾತೂ ಉಂಟು: ಪದಗಳನ್ನು ತಿರುಚುವುದು, ಸದ್ದಿಗೆ ಸದ್ದು ಹೊಂದಿಸುವುದು ಮೊದಲ್ಗೊಂಡು ನಿಜವಾಗಿಯೂ ಚಮತ್ಕಾರವುಳ್ಳ ನುಡಿಗಳವರೆಗೆ ಈ ಮಕ್ಕಳಲ್ಲಿ ಮಾತಿನಾಟ ಕಾಣುತ್ತದೆ ಎಂದು. ಆಸ್ಪರ್ಗರರ ಬರಹ ಜರ್ಮನ್ ಭಾಷೆಯದು. 1981ರಲ್ಲಿ ಲಂಡನ್ನಿನ ಲೋರ್ನಾ ವಿಂಗ್ ಅವರ ಲೇಖನದಿಂದ ಇಂಗ್ಲಿಷ್ ಬಲ್ಲವರಿಗೆ ಅವರ ಹೆಸರು ಪರಿಚಿತವಾಯಿತು. 1991ರಲ್ಲಿ ಊಟಾ ಫ್ರಿತ್ ಅದರ ಅನುವಾದವನ್ನು ಪ್ರಕಟಿಸಿದರು. ಮೊದಲ ಮಾತು ಲೋಕವನ್ನೆಲ್ಲ ಸುತ್ತಿತು. ಎರಡನೆಯ ಮಾತು ಪುಟದಲ್ಲಿಯೇ ಉಳಿಯಿತು.

ಇದೇ ಆಸ್ಪರ್ಗರ್ ನಾಜಿ ಆಳ್ವಿಕೆಯ ದಿನಗಳಲ್ಲಿ ಕೆಲವು ಮಕ್ಕಳನ್ನು ಷ್ಪೀಗೆಲ್‌ಗ್ರುಂಡ್ ಎಂಬ ಕೊಲೆಗಡುಕ ಆಸ್ಪತ್ರೆಗೆ ಕಳುಹಿಸಿದ್ದರೆಂಬುದನ್ನು ಇತಿಹಾಸಕಾರ ಹೆರ್ವಿಗ್ ಚೆಕ್ 2018ರಲ್ಲಿ ದಾಖಲೆಗಳಿಂದ ತೋರಿಸಿದರು. ಯಾವ ಮಗುವಿನಲ್ಲಿ ಏನು ಉಂಟು, ಏನು ಇಲ್ಲ ಎಂದು ಬರೆಯುವ ಲೇಖನಿ ಎಷ್ಟು ಹರಿತವಾದುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮುಂದಿನ ಕಾಲದ ಸಂಶೋಧಕರು ಊಹೆಯನ್ನು ಬಿಟ್ಟು ಮಕ್ಕಳನ್ನೇ ನೋಡತೊಡಗಿದರು. 2002ರಲ್ಲಿ ವಾಸುದೇವಿ ರೆಡ್ಡಿ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ಸ್ವಲೀನ ಮಕ್ಕಳ ನಗೆಯನ್ನು ಡೌನ್ ಸಿಂಡ್ರೋಮ್ ಇರುವ ಮಕ್ಕಳ ನಗೆಯೊಂದಿಗೆ ಹೋಲಿಸಿದರು. ನಗುವ ಪ್ರಮಾಣದಲ್ಲಿ ಎರಡು ಗುಂಪುಗಳಿಗೂ ಭೇದವಿರಲಿಲ್ಲ. ಭೇದವಿದ್ದುದು ನಗೆಯ ಕಾರಣದಲ್ಲಿ. ವಿಚಿತ್ರ ಮುಖಭಾವಕ್ಕೆ ಸ್ವಲೀನ ಮಕ್ಕಳು ನಗುವುದು ಕಡಿಮೆ, ಇತರರು ನಕ್ಕರೆಂದು ತಾವೂ ನಗುವುದು ಇನ್ನೂ ಕಡಿಮೆ. 2009ರಲ್ಲಿ ಅಮೆರಿಕದ ಹುಡೆಂಕೊ ಮೊದಲಾದವರು ನಗೆಯ ಧ್ವನಿಯನ್ನೇ ಮುದ್ರಿಸಿ ಪರೀಕ್ಷಿಸಿದರು. ಇತರ ಮಕ್ಕಳು ಕಂಠ ತೆರೆದೂ ನಗುತ್ತಾರೆ, ಮೂಗಿನಲ್ಲಿ ಉಸಿರು ಬಿಟ್ಟು ಲೋಕೋಪಚಾರಕ್ಕೂ ನಗುತ್ತಾರೆ. ಸ್ವಲೀನ ಮಕ್ಕಳದು ಬಹುಪಾಲು ಕಂಠ ತೆರೆದ ನಗೆ. ದೊಡ್ಡವರ ಹಳಸಿದ ಚಟಾಕಿಗೆ ಮರ್ಯಾದೆಗಾಗಿ ನಗುವ ಅಭ್ಯಾಸ ನಮಗೆಲ್ಲ ಉಂಟು. ಆ ಅಭ್ಯಾಸ ಇವರಲ್ಲಿ ವಿರಳವೆಂದರೆ ಅದನ್ನು ಕೊರತೆಯೆಂದು ಕರೆಯುವ ಮುನ್ನ ಯೋಚಿಸಬೇಕು.

2012ರಲ್ಲಿ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ ಹೊಸ ವಿಚಾರವೊಂದನ್ನು ಮಂಡಿಸಿದರು. ಅವರು ಸ್ವತಃ ಸ್ವಲೀನರು. ಸ್ವಲೀನರಿಗೆ ಇತರರ ಮನಸ್ಸು ತಿಳಿಯದೆಂದು ಹೇಳುತ್ತಾರಷ್ಟೆ. ಇತರರಿಗೆ ಸ್ವಲೀನರ ಮನಸ್ಸು ತಿಳಿಯುತ್ತದೆಯೆ? ತೊಡಕು ಎರಡೂ ಕಡೆಯದು ಎಂದರವರು. 2020ರಲ್ಲಿ ಎಡಿನ್‌ಬರೋದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಕಥೆಯೊಂದನ್ನು ಬಾಯಿಂದ ಬಾಯಿಗೆ ದಾಟಿಸುವ ಪ್ರಯೋಗ ನಡೆಸಿದರು. ಸ್ವಲೀನರ ಸಾಲಿನಲ್ಲಿ ಕಥೆ ಇತರರ ಸಾಲಿನಲ್ಲಿ ದಾಟಿದಷ್ಟೇ ಚೆನ್ನಾಗಿ ದಾಟಿತು. ಇಬ್ಬರನ್ನೂ ಬೆರೆಸಿ ನಿಲ್ಲಿಸಿದ ಸಾಲಿನಲ್ಲಿಯೇ ಅದು ಹೆಚ್ಚಾಗಿ ಸೋರಿಹೋಯಿತು. ಕಥೆಗೆ ಸಲ್ಲುವ ನ್ಯಾಯ ನಗೆಗೂ ಸಲ್ಲಬಹುದಲ್ಲವೆ?

ನಮ್ಮ ನಾಡಿನತ್ತ ಬರೋಣ. ನಗೆಯನ್ನೂ ಮನಸ್ಸನ್ನೂ ಒಟ್ಟಿಗೆ ಬಲ್ಲ ವೈದ್ಯರೊಬ್ಬರು ಬೆಂಗಳೂರಿನಲ್ಲಿದ್ದರು. ‘ರಾಶಿ’ ಎಂಬ ಹೆಸರಿನ ಡಾ. ಎಂ. ಶಿವರಾಂ ಅವರು 1942ರಲ್ಲಿ, ಎಂದರೆ ಕ್ಯಾನರ್ ಲೇಖನಕ್ಕೆ ಒಂದು ವರ್ಷ ಮೊದಲು, ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿ 1967ರವರೆಗೆ ನಡೆಸಿದರು. ಮನೋವೈದ್ಯವನ್ನು ಕುರಿತ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಗೆಯೂ ಮನೋವಿಜ್ಞಾನವೂ ಒಂದೇ ಮನೆಯಲ್ಲಿ ಬಾಳಿದ ನಾಡು ನಮ್ಮದು. ಮಾತು ಬಾರದ ಮಕ್ಕಳ ಪಾಲಿಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇದೆ. ಅದೇ ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಬಾಲ್ಯ ಕಳೆದ ಟಿಟೊ ರಾಜರ್ಷಿ ಮುಖೋಪಾಧ್ಯಾಯ ಹೆಚ್ಚು ಮಾತಾಡಲಾರದ ಸ್ವಲೀನ ಬಾಲಕ. 2000ದಲ್ಲಿ ಅವನ ಪುಸ್ತಕ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ಅವನ ತಾಯಿಯ ಬೋಧನಾಕ್ರಮದ ಬಗೆಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವುಂಟು. ಆದರೆ ಮೌನವನ್ನು ಕಂಡೊಡನೆ ಒಳಗೆ ಏನೂ ಇಲ್ಲವೆಂದು ತೀರ್ಮಾನಿಸಬಾರದೆಂಬ ಪಾಠವನ್ನು ಆ ಬರಹ ಬಹುಜನಕ್ಕೆ ಕಲಿಸಿತು.

ನಮ್ಮ ಜಾಲಹಳ್ಳಿಯ ಒಂದು ಸಂಗತಿಯನ್ನೂ ಹೇಳಬಹುದು. ತುಮಕೂರು ರಸ್ತೆಯ ಮೇಲೆ 2015ರಲ್ಲಿ ತೆರೆದ ಮೆಟ್ರೋ ನಿಲ್ದಾಣಕ್ಕೆ ಜಾಲಹಳ್ಳಿ ಎಂದು ಹೆಸರು. ಇಳಿದವರು ಊರೊಳಗೆ ಬರಲು ಇನ್ನೂ ದೂರ ಸಾಗಬೇಕು. ನನ್ನ ತರಗತಿಯಲ್ಲಿದ್ದ ಸ್ವಲೀನ ಹುಡುಗನೊಬ್ಬ ಒಂದು ದಿನ, “ಸಾರ್, ಅದಕ್ಕೆ ‘ಜಾಲಹಳ್ಳಿಗೆ ಹತ್ತಿರ’ ಅಂತ ಬರೀಬೇಕು” ಎಂದ. ಯಾರೂ ನಗಲಿಲ್ಲ. ಅವನು ಮೇಜಿನತ್ತ ನೋಡುತ್ತ ಒಬ್ಬನೇ ನಕ್ಕ. ಮರುದಿನವೂ ಹೇಳಿದ, ವಾರವಿಡೀ ಹೇಳಿದ. ಆರನೆಯ ದಿನ ಹಿಂದಿನ ಬೆಂಚಿನ ಹುಡುಗಿ, “ಯಶವಂತಪುರಕ್ಕೆ ‘ಯಶವಂತಪುರದಿಂದ ಸ್ವಲ್ಪ ಆಚೆ’ ಅಂತ ಬರೆಯೋಣವಾ?” ಎಂದು ಕೇಳಿದಳು. ಅವನು ಥಟ್ಟನೆ ತಲೆಯೆತ್ತಿ, “ಅದು ಸರಿಯಾಗಿದೆ. ತಪ್ಪಿರೋದನ್ನ ಮಾತ್ರ ತಿದ್ದಬೇಕು” ಎಂದ. ತರಗತಿಯೆಲ್ಲ ನಕ್ಕಿತು, ಅವನೂ ನಕ್ಕ. ಆ ದಿನದಿಂದ ಮಧ್ಯಾಹ್ನದ ಊಟಕ್ಕೆ ಅವನು ಒಬ್ಬನೇ ಕೂರುವುದು ತಪ್ಪಿತು.

ಇದು ಬರಿಯ ವಿನೋದದ ವಿಷಯವಲ್ಲ. ಸ್ವಲೀನರಲ್ಲಿ ಅನೇಕರಿಗೆ ತಾವು ನಗೆಪಾಟಲಾದೇವೆಂಬ ಭಯ ಇತರರಿಗಿಂತ ಹೆಚ್ಚೆಂದು 2011ರಲ್ಲಿ ಪ್ರಕಟವಾದ ಸ್ಯಾಮ್ಸನ್ ಮತ್ತು ಸಂಗಡಿಗರ ಅಧ್ಯಯನ ತಿಳಿಸುತ್ತದೆ. ಬಾಲ್ಯದಲ್ಲಿ ಸಹಿಸಿದ ಗೇಲಿಗೂ ಈ ಭಯಕ್ಕೂ ನಂಟಿದೆ. ಹಾಸ್ಯವಿಲ್ಲವೆಂದು ನಾವು ಹೇಳುವ ಮಗು ಎಷ್ಟೋ ಸಲ ನಮ್ಮ ಹಾಸ್ಯಕ್ಕೆ ಸಿಕ್ಕಿ ನೊಂದ ಮಗು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಸ್ವಲೀನತೆಯನ್ನು ಹೆಸರಿಸಿ ಶಾಲೆಯಲ್ಲಿ ಇಂಥ ಮಕ್ಕಳಿಗೆ ಸಮಾನ ಸ್ಥಾನ ಕೊಟ್ಟಿದೆ. ಬೆಂಚಿನಲ್ಲಿ ಸ್ಥಳ ಕಾಯಿದೆಯಿಂದ ದೊರೆತೀತು. ನಗೆಯಲ್ಲಿ ಪಾಲನ್ನು ಕೊಡಬೇಕಾದವರು ನಾವು.

ಸ್ವಲೀನರೆಲ್ಲರೂ ಒಂದೇ ಅಚ್ಚಿನವರಲ್ಲ. ಒಬ್ಬರಿಗೆ ಶ್ಲೇಷೆ, ಒಬ್ಬರಿಗೆ ಒಂದೇ ಸದ್ದಿನ ಪುನರಾವೃತ್ತಿ, ಒಬ್ಬರಿಗೆ ನಿಯಮ ತಪ್ಪಿದ ನಾಮಫಲಕ, ಮತ್ತೊಬ್ಬರಿಗೆ ನಾವು ಅರಿಯದ ಯಾವುದೋ ನೆನಪು ನಗೆ ತರುತ್ತದೆ. ಮನೆಯ ಮಗುವೊಂದು ಒಂದೇ ಚಟಾಕಿಯನ್ನು ನೂರನೆಯ ಸಲ ಹೇಳಿದರೆ ಬೇಸರಿಸದೆ ನೂರೊಂದನೆಯ ಸಲಕ್ಕೆ ಒಂದು ಮಾತು ಸೇರಿಸಿ ಕೊಡಿ. ಒಬ್ಬನೇ ನಗುತ್ತಿದ್ದರೆ ಗದರಿಸದೆ, “ಏನಪ್ಪಾ ಅದು, ನನಗೂ ಹೇಳು” ಎಂದು ಕೇಳಿ. ಉತ್ತರ ಒಡನೆ ಬರದಿದ್ದೀತು. ಕೇಳಿದವರಿದ್ದಾರೆಂಬುದು ಅದಕ್ಕೆ ತಿಳಿದರೆ ಸಾಕು.