ಆಲೆಮನೆ ಸೀಮೆಯ ಹಲ್ಲುಚಕ್ರ

ಕಬ್ಬಿನ ಗಾಣದ ಹಲ್ಲುಚಕ್ರ ಮುರಿದರೆ ಆಲೆಮನೆ ನಿಂತಂತೆ. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಷ್ಟೂ ಹಾಲು ಇಳಿಯುತ್ತದೆ, ಬೆಲ್ಲ ಕೆಡುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಲೇತ್ ಕಸುಬು ನಿಂತಿರುವುದು ಹೊಸ ಯಂತ್ರ ಕಟ್ಟುವುದಕ್ಕಿಂತ ಹೆಚ್ಚಾಗಿ ಇಂಥ ರಿಪೇರಿಯ ಮೇಲೆ.

ಯಂತ್ರದ ನಂಟು ಈ ನೆಲಕ್ಕೆ ಹಳೆಯದು. 1788ರಲ್ಲಿ ಪ್ಯಾರಿಸ್ ತಲುಪಿದ ಟಿಪ್ಪು ಸುಲ್ತಾನನ ರಾಯಭಾರಿಗಳು 16ನೇ ಲೂಯಿಯ ಬಳಿ ಕುಶಲಕರ್ಮಿಗಳನ್ನೂ ಕೇಳಿದ್ದರು. ಹಾಗೆ ಬಂದ ಫ್ರೆಂಚರು ಶ್ರೀರಂಗಪಟ್ಟಣದಲ್ಲಿ ದುಡಿದರು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಫಿರಂಗಿಯ ಕೊಳವೆ ಕೊರೆಯಲು ಫ್ರೆಂಚನೊಬ್ಬ ನೀರಿನಿಂದ ತಿರುಗುವ ಯಂತ್ರ ಮಾಡಿದ್ದನೆಂದೂ ಸುಲ್ತಾನ ಅದರ ನೀರಿನ ಚಕ್ರ ತೆಗೆಸಿ ಎತ್ತು ಕಟ್ಟಿಸಿದನೆಂದೂ ಬರೆದಿದ್ದಾನೆ. ಸುಲ್ತಾನನಿಗೆ ಯಂತ್ರದ ಬೆಲೆ ತಿಳಿಯಲಿಲ್ಲ ಎಂಬುದು ಅವನ ತೀರ್ಪು. ಈಸ್ಟ್ ಇಂಡಿಯಾ ಕಂಪನಿಯ ನೌಕರನ ಈ ಮಾತನ್ನು ಹಾಗೆಯೇ ಒಪ್ಪಬೇಕಿಲ್ಲ. ಕಾವೇರಿಯ ಹರಿವು ಬೇಸಿಗೆಯಲ್ಲಿ ಬಡವಾಗುತ್ತದೆ. ಎತ್ತು ಎಲ್ಲ ಕಾಲಕ್ಕೂ ಸಿಗುತ್ತದೆ, ಅದು ಕೆಟ್ಟರೆ ಫ್ರೆಂಚನಿಗಾಗಿ ಕಾಯಬೇಕಾಗಿಯೂ ಇಲ್ಲ.

ಗಾಣಕ್ಕೆ ಕಬ್ಬಿಣದ ರೋಲರ್ ಬಂದದ್ದು ಆಮೇಲೆ. 1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಥಾಮ್ಸನ್ ಮತ್ತು ಮಿಲ್ನ್ ರೂಪಿಸಿದ ಎತ್ತಿನ ಗಾಣ ದೇಶದ ಕಬ್ಬಿನ ಸೀಮೆಗಳಲ್ಲಿ ಮರದ ಗಾಣವನ್ನು ಹಿಂದೆ ಸರಿಸುತ್ತ ಹೋಯಿತು. ಮಂಡ್ಯದ ಕಡೆ ಕಬ್ಬು ಹಬ್ಬಿದ್ದು 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, ಮುಂದೆ ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆಯೂ ಎದ್ದಿತು. ಆದರೂ ಆಲೆಮನೆಗಳು ಅಳಿಯಲಿಲ್ಲ; ಎತ್ತಿನ ಜಾಗಕ್ಕೆ ಡೀಸೆಲ್ ಇಂಜಿನ್ನು, ಕರೆಂಟಿನ ಮೋಟಾರು ಬಂದವು, ಅಷ್ಟೆ.

ಈ ಗಾಣದ ಹಲ್ಲುಚಕ್ರ ಸಾಮಾನ್ಯ ಗೇರಿನಂತಲ್ಲ. ತೆಳು ಕಬ್ಬು ಬಂದಾಗ ರೋಲರುಗಳು ಹತ್ತಿರವಿರಬೇಕು, ದಪ್ಪ ಕಬ್ಬು ನುಗ್ಗಿದಾಗ ದೂರ ಸರಿಯಬೇಕು. ಎಷ್ಟು ಸರಿದರೂ ಹಲ್ಲಿಗೆ ಹಲ್ಲಿನ ಹಿಡಿತ ತಪ್ಪಬಾರದು. ಅದಕ್ಕೇ ಹಲ್ಲುಗಳು ಕಡಿಮೆ, ಆದರೆ ಉದ್ದ. ಸಾಮಾನ್ಯವಾಗಿ ಇವನ್ನು ಕಡಿಯುವುದಿಲ್ಲ, ಎರಕ ಹೊಯ್ಯುತ್ತಾರೆ. ಎರಕದ ಕಸುಬಿಗೆ ನಾಗಮಂಗಲ ಹೆಸರಾದ ಊರೇ. ಆದರೆ ಅಲ್ಲಿಯದು ಹಿತ್ತಾಳೆ, ಕಂಚು. ಬೀಡುಕಬ್ಬಿಣ ಕರಗಿಸಲು ಹೆಚ್ಚಿನ ಕಾವು, ಬೇರೆ ಕುಲುಮೆ ಬೇಕು. ಒಂದು ಹಲ್ಲು ಮಾತ್ರ ಮುರಿದಿದ್ದರೆ ಹೊಸ ಚಕ್ರದ ಖರ್ಚು ಬೇಡ: ಬುಡದಲ್ಲಿ ಸಾಲಾಗಿ ತೂತು ಕೊರೆದು, ಒಳಗೆ ತಿರುಪಿನ ಗೆರೆ ಕೆತ್ತಿ, ಉಕ್ಕಿನ ಸ್ಟಡ್ ತಿರುಗಿಸಿ ಕೂರಿಸಿ, ಅದರ ಮೇಲೆ ವೆಲ್ಡಿಂಗ್ ತುಂಬಿ, ಪಕ್ಕದ ಹಲ್ಲಿಗೆ ಒತ್ತಿ ಮಾಡಿಕೊಂಡ ತಗಡಿನ ಅಳತೆ ಹಿಡಿದು ಅರದಲ್ಲಿ ಉಜ್ಜುವುದು. ನೋಟಕ್ಕೆ ಚೆಂದವಲ್ಲ, ಹಂಗಾಮು ದಾಟಿಸುತ್ತದೆ.

ಪಂಪು, ಟ್ರಾಕ್ಟರು, ಲೇತ್‌ಗಳ ಸಣ್ಣ ಗೇರಿಗೆ ಈ ಉಪಾಯ ಸಾಲದು. ಹಲ್ಲು ಕಡಿಯಲೇಬೇಕು, ಕಡಿಯಲು ಆ ಹಲ್ಲಿನ ಸಂದಿನ ಆಕಾರದ ಕಟ್ಟರ್ ಬೇಕು. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ, ಬೆಂಗಳೂರಿನ ಎಚ್‌ಎಂಟಿ 1953ರಲ್ಲಿ ಶುರುವಾಗಿ ದೇಶೀ ಲೇತ್‌ಗಳು ಬಂದರೂ, ಹಳೆಯ ಇಂಗ್ಲಿಷ್ ಯಂತ್ರಗಳು ಮೂಲೆ ಬಿಡಲಿಲ್ಲ. ಅವುಗಳ ಗೇರು ಇಂಚಿನ ಲೆಕ್ಕದ್ದು, ಹೊಸವುಗಳದ್ದು ಮಿಲಿಮೀಟರಿನ ಮಾಡ್ಯೂಲ್, ಅಂದರೆ ಒಂದೊಂದು ಹಲ್ಲಿನ ಪಾಲಿಗೆ ಬರುವ ವ್ಯಾಸ. ವ್ಯಾಸದ ಇಂಚಿಗೆ 8 ಹಲ್ಲಿನ ಪಿಚ್ ಎಂದರೆ 3.175 ಮಾಡ್ಯೂಲ್, 3ರ ಕಟ್ಟರಿನಲ್ಲಿ ಕಡಿದರೆ ಜೋಡಿ ಕೂಡುವುದಿಲ್ಲ. ಆ ಕಟ್ಟರ್ ಅಂಗಡಿಯಲ್ಲಿ ಸಿಗದಿದ್ದರೆ ತಾನೇ ಮಾಡಿಕೊಳ್ಳಬೇಕು.

ಕಟ್ಟರಿನ ಪ್ರತಿ ಹಲ್ಲಿನ ಬೆನ್ನು ಹಿಂದಕ್ಕೆ ಹೋದಂತೆ ಇಳಿಯಬೇಕು, ಇಲ್ಲದಿದ್ದರೆ ಅದು ಕಡಿಯದೆ ಉಜ್ಜುತ್ತದೆ. ಇಳಿಯುವಾಗಲೂ ಆಕಾರ ಬದಲಾಗಬಾರದು. ಆಗ ಮುಖವನ್ನಷ್ಟೇ ಸಾಣೆ ಹಿಡಿದು ಕೊನೆಯವರೆಗೂ ಬಳಸಬಹುದು. ಅಮೆರಿಕದ ಜೋಸೆಫ್ ಬ್ರೌನ್ ಇಂಥ ಕಟ್ಟರಿಗೆ 1864ರಲ್ಲಿ ಪೇಟೆಂಟ್ ಪಡೆದ. ಲೇತ್‌ಗೆ ಜೋಡಿಸುವ ರಿಲೀವಿಂಗ್ ಅಟ್ಯಾಚ್‌ಮೆಂಟ್ ಮಾಡುವುದು ಇದೇ ಕೆಲಸ: 14 ಹಲ್ಲಿನ ಕಟ್ಟರ್ ಒಂದು ಸುತ್ತು ಬರುವಷ್ಟರಲ್ಲಿ ಕ್ಯಾಮ್ ಕತ್ತರಿಸುವ ಟೂಲನ್ನು 14 ಸಲ ಮೆಲ್ಲಗೆ ಒಳಗೊತ್ತುತ್ತದೆ, 14 ಸಲ ಸ್ಪ್ರಿಂಗು ಅದನ್ನು ಥಟ್ಟನೆ ಹಿಂದೆಳೆಯುತ್ತದೆ.

ಸೆಕೆಂಡ್‌ಹ್ಯಾಂಡ್ ಅಟ್ಯಾಚ್‌ಮೆಂಟಿನಲ್ಲಿ ಕೆಡುವುದೂ ಈ ಬಡಿತದಿಂದಲೇ. ಕ್ಯಾಮಿನ ತುದಿ ಸವೆದು ದುಂಡಗಾಗಿರುತ್ತದೆ, ಬುಷ್ ಸಡಿಲಾಗಿರುತ್ತದೆ, ಸ್ಪ್ರಿಂಗು ಬಳಲಿರುತ್ತದೆ. ಸ್ಪ್ರಿಂಗ್ ಬದಲಿಸುವುದು ಸುಲಭ; ಬುಷ್‌ಗೆ ತೂತನ್ನು ಹಿಗ್ಗಿಸಿ ಹೊಸ ಗನ್‌ಮೆಟಲ್ ತುಂಡು ಕೂರಿಸಬೇಕು. ಕ್ಯಾಮನ್ನು ಮಾತ್ರ ಹೊಸದಾಗಿಯೇ ಮಾಡಿ ಹದಗೊಳಿಸುವುದು ಲೇಸು. ಕ್ರಾಸ್ ಸ್ಲೈಡಿನ ಆಟ ಬಿಗಿಯದೆ ಬಿಟ್ಟರೆ ಇಷ್ಟೆಲ್ಲ ಮಾಡಿಯೂ ಒಂದು ಹಲ್ಲು ಎತ್ತರ, ಒಂದು ತಗ್ಗು. ಕಡಿಯುವ ಭಾರವೆಲ್ಲ ಎತ್ತರದ ಹಲ್ಲುಗಳ ಮೇಲೆಯೇ ಬೀಳುತ್ತದೆ.