ಪಟಾಕಿ ಸದ್ದಿಗೆ ನಾಯಿ ಬೆದರಿದರೆ: ಹೊರಗೆ ಕಟ್ಟಬೇಡಿ, ಒಳಗೆ ಜಾಗ ಕೊಡಿ

ದೀಪಾವಳಿಯ ಮೂರು ದಿನ, ಗಣಪತಿ ಬಿಡುವಾಗಿನ ತಮಟೆ-ಡಿಜೆ, ರಾಮನಗರದ ಚಾಮುಂಡೇಶ್ವರಿ ಕರಗ, ಡಿಸೆಂಬರ್ 31ರ ಮಧ್ಯರಾತ್ರಿ. ನಾಯಿ ಸಾಕಿದವರು ಮೊದಲೇ ನೆನಪಿಡಬೇಕಾದ ದಿನಗಳಿವು. ಚನ್ನಪಟ್ಟಣ, ಕನಕಪುರದ ಕಾಡಂಚಿನ ಊರುಗಳಿಗೆ ಹಬ್ಬವೇ ಬರಬೇಕಿಲ್ಲ, ಆನೆ ಓಡಿಸಲು ಪಟಾಕಿ ಹೊಡೆಯುವುದು ಅಲ್ಲಿ ಮಾಮೂಲು.

ಮನುಷ್ಯರಿಗೆ 20 ಸಾವಿರ ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ, ನಾಯಿಗೆ 45 ಸಾವಿರದ ಆಸುಪಾಸಿನವರೆಗೂ ಕೇಳಿಸುತ್ತದೆ. ಆ ಸದ್ದು ಎಲ್ಲಿಂದ ಬಂತು, ಮತ್ತೆ ಯಾವಾಗ ಬರುತ್ತೆ ಅನ್ನೋದು ಮಾತ್ರ ಅದಕ್ಕೆ ತಿಳಿಯದು. ನಡುಕ, ಏದುಸಿರು, ಜೊಲ್ಲು, ಮಂಚದಡಿ ಸೇರುವುದು, ಮನೆಯೊಳಗೇ ಉಚ್ಚೆ ಮಾಡುವುದು ಎಲ್ಲವೂ ಹೆದರಿಕೆಯ ಗುರುತು, ಹಟವಲ್ಲ. ಬೈದರೆ ಇನ್ನೂ ಜಾಸ್ತಿಯಾಗುತ್ತೆ.

ದೊಡ್ಡ ಅಪಾಯ ಇರೋದು ಸರಪಳಿಯಲ್ಲಿ. ಓಡಿಹೋಗದಿರಲಿ ಎಂದು ಅಂಗಳದಲ್ಲೋ ತೋಟದ ಮನೆ ಕಂಬಕ್ಕೋ ಕಟ್ಟುವುದು ರೂಢಿ. ಬೆದರಿದ ನಾಯಿ ಜಗ್ಗಾಡಿ ಕುತ್ತಿಗೆ ಬಿಗಿದುಕೊಳ್ಳಬಹುದು, ಕಾಂಪೌಂಡ್ ಹಾರಲು ಹೋಗಿ ನೇತುಬೀಳಬಹುದು. ಹಾಗಂತ ಬಿಟ್ಟರೂ ಕಷ್ಟವೇ. ರಾಮನಗರ, ಚನ್ನಪಟ್ಟಣದಲ್ಲಿ ರೈಲು ಹಳಿಯೂ ಇದೆ, ಮೈಸೂರು ಹೆದ್ದಾರಿಯೂ ಇದೆ. ಮಾಗಡಿ, ಕನಕಪುರದ ಬೆಟ್ಟದ ಬುಡದ ಊರುಗಳಲ್ಲಿ ರಾತ್ರಿ ಅಲೆಯುವ ನಾಯಿ ಚಿರತೆಗೆ ಸುಲಭದ ಊಟ. ತೋಟ ಕಾಯುವ ನಾಯಿಯಾದರೂ ಆ ರಾತ್ರಿಗಳಲ್ಲಿ ಒಳಗೇ ಇರಲಿ.

ಬೀದಿಯಿಂದ ದೂರವಿರುವ, ಕಿಟಕಿ ಕಡಿಮೆ ಇರುವ ಕೋಣೆ ಒಳ್ಳೆಯದು. ಹಬ್ಬಕ್ಕೆ ಒಂದು ವಾರ ಮೊದಲೇ ಅಲ್ಲಿ ಅದರ ಚಾಪೆ, ನೀರು ಇಟ್ಟು ಊಟ ಹಾಕಿ ಅಭ್ಯಾಸ ಮಾಡಿಸಿ. ಆ ದಿನ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಟಿವಿ ಓಡುತ್ತಿರಲಿ. ತಿರುಗಾಟ, ಊಟ ಎರಡೂ ಕತ್ತಲಾಗುವ ಮೊದಲೇ ಮುಗಿಯಬೇಕು. ನರಕ ಚತುರ್ದಶಿಗೆ ಬೆಳಗಿನ ಜಾವವೇ ಪಟಾಕಿ ಶುರುವಾಗುವುದರಿಂದ, ಗೊತ್ತಿರುವ ಬೀದಿಯೇ ಆದರೂ ಹಗ್ಗ ಹಿಡಿದೇ ಹೊರಗೆ ಕರೆದೊಯ್ಯಿರಿ. ಬಚ್ಚಿಟ್ಟುಕೊಂಡರೆ ಎಳೆಯಬೇಡಿ. ಮುದ್ದು ಮಾಡಿದರೆ ಹೆದರಿಕೆ ಕಲಿಯುತ್ತೆ ಅನ್ನೋ ಮಾತು ನಿಜವಲ್ಲ, ಹತ್ತಿರ ಬಂದರೆ ಧಾರಾಳವಾಗಿ ಸವರಿ.

ಪ್ರತಿ ವರ್ಷ ವಿಪರೀತ ಹೆದರುವ ನಾಯಿಯನ್ನು ಹಬ್ಬಕ್ಕೆ ಮುಂಚೆಯೇ ಪಶುವೈದ್ಯರಿಗೆ ತೋರಿಸಿ. ಮಾತ್ರೆಯನ್ನು ಸದ್ದು ಶುರುವಾಗುವ ಮೊದಲೇ ಕೊಡಬೇಕು, ನಡುಗಲು ಶುರುವಾದ ಮೇಲೆ ಕೊಟ್ಟರೆ ಅಷ್ಟು ಕೆಲಸ ಮಾಡದು. ಹಿಂದೆ ಹೆಚ್ಚು ಬಳಸುತ್ತಿದ್ದ ಅಸಿಪ್ರೊಮಜಿನ್ ಮೈಯನ್ನು ಮಂಕಾಗಿಸುತ್ತದೆ, ಒಳಗಿನ ಭಯ ಹಾಗೇ ಉಳಿಯುತ್ತದೆ. ಆದ್ದರಿಂದ ಯಾವ ಔಷಧಿ, ಎಷ್ಟು ಅನ್ನೋದನ್ನು ವೈದ್ಯರೇ ಹೇಳಲಿ. ಮನೆಯವರ ನಿದ್ದೆ ಮಾತ್ರೆ, ನೋವಿನ ಮಾತ್ರೆ ಖಂಡಿತಾ ಬೇಡ.

ಅಂಗಡಿಯವರಿಗೂ ಒಂದು ಮಾತು. ಅಮಾವಾಸ್ಯೆ ಪೂಜೆ ಮುಗಿಸಿ ಬಾಗಿಲ ಮುಂದೆ ಸರ ಪಟಾಕಿ ಹಚ್ಚುವ ಮೊದಲು ಕಟ್ಟೆ ಕೆಳಗೆ, ನಿಂತ ಗಾಡಿಗಳ ಅಡಿ ಬೀದಿನಾಯಿ ಮಲಗಿದೆಯಾ ನೋಡಿ, ಎಬ್ಬಿಸಿ ಕಳಿಸಿ. ಷಟರ್ ಎಳೆಯುವಾಗ ಗೋಡೌನ್ ಒಳಗೂ ಟಾರ್ಚ್ ಬಿಟ್ಟು ನೋಡಿ. ಬೆದರಿ ಒಳಗೆ ನುಗ್ಗಿದ ನಾಯಿ ಮೂಟೆಗಳ ಹಿಂದೆ ಸದ್ದಿಲ್ಲದೆ ಕೂತಿರುತ್ತದೆ, ಹಬ್ಬದ ರಜೆ ಮುಗಿಯುವವರೆಗೆ ನೀರೂ ಸಿಗದು.

ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ, ಹಸಿರು ಪಟಾಕಿ ಮಾತ್ರ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಬಾಲಕ್ಕೆ ಪಟಾಕಿ ಕಟ್ಟುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೆ ಅದರ ದಂಡ 10ರಿಂದ 50 ರೂಪಾಯಿ, ಒಂದು ಪಟಾಕಿ ಪೊಟ್ಟಣದ ಬೆಲೆಯೂ ಅಲ್ಲ! ಆದರೆ ನಾಯಿ ಸತ್ತರೆ ಅಥವಾ ಅಂಗ ಊನವಾದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ 5 ವರ್ಷದವರೆಗೂ ಜೈಲಾಗಬಹುದು. ಕಂಡವರು 112ಕ್ಕೆ ಫೋನ್ ಮಾಡಬಹುದು.

ಕೊರಳ ಬೆಲ್ಟ್ ಮೇಲೆ ಮಾರ್ಕರ್‌ನಲ್ಲಿ ಮೊಬೈಲ್ ನಂಬರ್ ಬರೆದಿಡಿ. ಅಕಸ್ಮಾತ್ ತಪ್ಪಿಸಿಕೊಂಡರೆ ಸದ್ದು ಅಡಗಿದ ಮೇಲೆ ಮೋರಿ, ಪೊದೆ, ಕಟ್ಟುತ್ತಿರುವ ಮನೆಗಳಲ್ಲಿ ಹುಡುಕಿ. ಕಂಡರೆ ಅಟ್ಟಿಸಿಕೊಂಡು ಹೋಗಬೇಡಿ, ಕೂತು ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ಮನೆ ಗೇಟು ರಾತ್ರಿಯೆಲ್ಲ ಸ್ವಲ್ಪ ತೆರೆದೇ ಇರಲಿ.